ಆರನೇ ಮಹಡಿಯ ಇಟ್ಟಿಗೆ ಕುರಿತು ಗುರುತ್ವಾಕರ್ಷಣೆಯವರಿಗೆ

ಕೂಕಟ್‌ಪಲ್ಲಿ, ಹೈದರಾಬಾದ್

ಹಬ್ಬ ಹುಣ್ಣಿಮೆಗೂ ರಜೆ ಪಡೆಯದೆ ಸಕಲ ವಸ್ತುಗಳನ್ನೂ ನೆಲ ಮುಟ್ಟಿಸುತ್ತಿರುವ ಮಾನ್ಯ ಗುರುತ್ವಾಕರ್ಷಣೆಯವರೇ,

ನೆಲಕ್ಕೆ ಬಿದ್ದು ಮಾಡುವ ನಮಸ್ಕಾರವೇ ತಮಗೆ ಹೆಚ್ಚು ಪ್ರಿಯವೆಂದು ಭಾವಿಸಿ ಸಾಷ್ಟಾಂಗ ನಮಸ್ಕರಿಸುತ್ತೇನೆ. ನಾನು ಸೇಡಂ ಕಡೆಯ, ಗೋಡೆ ಕಟ್ಟುವ ಗೌಂಡಿ ಅಮೃತಪ್ಪ. ಪಿಯುಸಿಯಲ್ಲಿ ಭೌತಶಾಸ್ತ್ರ ನಪಾಸಾದಾಗ ನಮ್ಮಿಬ್ಬರ ಪರಿಚಯ ಮುಗಿಯಿತೆಂದುಕೊಂಡಿದ್ದೆ. ಈಗ ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಯೊಂದಕ್ಕೆ ಎದ್ದು ನಿಲ್ಲುತ್ತಿರುವ ಹತ್ತು ಮಹಡಿಯ ಗಾಜಿನ ಕಟ್ಟಡದಲ್ಲಿ ನಾನೂ ನನ್ನ ಹೆಂಡತಿ ಗಿರಿಜಾಬಾಯಿಯೂ ದುಡಿಯುತ್ತಿರುವುದರಿಂದ ತಮ್ಮ ಸಹವಾಸ ಮತ್ತೆ ಒದಗಿದೆ.

ಕೆಳಗಿನವರು ಎಸೆದ ಇಟ್ಟಿಗೆ ಏರುತ್ತ ಏರುತ್ತ ದಣಿದು ಗಾಳಿಯಲ್ಲಿ ಕಣ್ರೆಪ್ಪೆ ಬಡಿಯುವಷ್ಟು ಹೊತ್ತು ನಿಲ್ಲುತ್ತದೆ, ಮೇಲಿರುವ ನಾವು ಆಗಲೇ ಅದನ್ನು ಹೂ ಬಿಡಿಸಿದಂತೆ ಹಿಡಿಯುತ್ತೇವೆ. ತಾವು ಕೊಡುವ ಆ ಪುರಸೊತ್ತಿಗೆ ನಾವು ಋಣಿಗಳು. ಆದರೆ ಹೋದ ಮಂಗಳವಾರ ಆರನೇ ಮಹಡಿಯ ಅಂಚಿನಲ್ಲಿ ಪೇರಿಸಿಟ್ಟಿದ್ದ ಇಟ್ಟಿಗೆಗೆ ಯಾರೋ ಎಳೆದ ಪೈಪು ತಗುಲಿತು. ಜಾರಿದ ಇಟ್ಟಿಗೆಗೆ ಅಂಥ ಪುರಸೊತ್ತು ಸಿಗಲಿಲ್ಲ; ಒಂದೊಂದು ಮಹಡಿ ದಾಟಿದ ಹಾಗೆಲ್ಲ ಅದರ ಓಟ ಹೆಚ್ಚಿತು. ಕೆಳಗೆ ಮರಳು ಜರಡಿ ಹಿಡಿಯುತ್ತಿದ್ದ ಗಿರಿಜಾಬಾಯಿಯ ಎಡಭುಜದ ಮೂಳೆ ಮುರಿಯಿತು. ತಲೆಗೂ ಭುಜಕ್ಕೂ ಗೇಣಷ್ಟೂ ಅಂತರವಿಲ್ಲವೆಂಬುದು ತಮಗೂ ಗೊತ್ತಿರಬೇಕು.

ಆಸ್ಪತ್ರೆಗೆ ಬಂದ ಎಂಜಿನಿಯರ್ ಆನಂದಕುಮಾರರು, "ಏನ್ ಮಾಡೋದ್ರಿ ಅಮೃತಪ್ಪ, ಇಟ್ಟಿಗಿ ನಾವು ಒಗದಿಲ್ಲ. ತಾನಾ ಬಿದ್ದೈತಿ. ಗ್ರ್ಯಾವಿಟಿ!" ಎಂದು ತಮ್ಮ ಇಂಗ್ಲಿಷ್ ಹೆಸರನ್ನು ಬಹಿರಂಗಪಡಿಸಿದರು. ಹೀಗಾಗಿ ಈ ದೂರು ತಮಗೇ ಸಲ್ಲಬೇಕಾಯಿತು. ಭಾರದ್ದು, ಹಗುರದ್ದು ಎಂದು ತಾವು ಭೇದವೆಣಿಸುವುದಿಲ್ಲವೆಂದು ಓದಿದ್ದೇನೆ. ಆದರೂ ತಾವು ಬೀಳಿಸುವುದೆಲ್ಲ ಜರಡಿ ಹಿಡಿದವರ ಮೇಲೆಯೇ ಬಿದ್ದು, ಎಂಜಿನಿಯರರ ತಂಪು ಕೋಣೆಯ ಮೇಲೆ ಒಂದು ಹೆಂಟೆಯೂ ಬೀಳದಿರುವುದು ತಮ್ಮ ನಿಷ್ಪಕ್ಷಪಾತಕ್ಕೆ ಶೋಭೆ ತರುವುದಿಲ್ಲ. ಆದ್ದರಿಂದ ಮೇಲಿಂದ ಬೀಳುವುದನ್ನು ತಡೆಯುವ ಬಲೆ ಕಟ್ಟುವವರೆಗೆ ಇಟ್ಟಿಗೆಗಳನ್ನು ಅರಳೆಯಂತೆ ಇಳಿಸಬೇಕೆಂದು, ಅದು ಸಾಧ್ಯವಾಗದಿದ್ದರೆ ತುಸು ಓರೆಯಾಗಿ ಆ ಕೋಣೆಯ ಕಡೆಗೆ ತಿರುಗಿಸಬೇಕೆಂದು ಪ್ರಾರ್ಥಿಸಬೇಕೆಂದಿದ್ದೆ.

ಅಷ್ಟರಲ್ಲಿ, ಇಟ್ಟಿಗೆ ಬಿದ್ದ ಮರುದಿನ, ನನ್ನ ಹೆಂಡತಿಯ ಜೊತೆಗಾರ್ತಿ ಬಂಡೆಮ್ಮ ಜರಡಿಯನ್ನು ಕೆಳಗಿಟ್ಟು, "ಸಾಹೇಬ್ರ, ತಪ್ಪು ನಿಮ್ದಲ್ಲಂದ್ರ ನೀವಾ ಇಲ್ಲಿ ಚೂರು ನಿಲ್ರಿ. ಮ್ಯಾಲಿನ ಕೆಲಸ ನಡೀಲಿ" ಎಂದಳು. ಆನಂದಕುಮಾರರು ಒಮ್ಮೆ ಮೇಲೆ ನೋಡಿದರು, ಬಾರದ ಫೋನನ್ನು ಕಿವಿಗೆ ಹಿಡಿದುಕೊಂಡು ಸರಸರ ಹೊರಟೇಹೋದರು. ಹೆಂಗಸರೆಲ್ಲ ಬುಟ್ಟಿ ಬೋರಲು ಹಾಕಿ ಕುಳಿತರು. ನಾವೂ ಮೇಲಿಂದ ಇಳಿದು ಬಂದೆವು. ಮಧ್ಯಾಹ್ನದ ಊಟದ ಹೊತ್ತಿಗೆ ಬಲೆ ಬಂತು. ಎಲ್ಲಿಂದಲೋ ಅಲ್ಲ, ನಮ್ಮದೇ ಗೋದಾಮಿನಿಂದ, ಮಡಿಕೆ ಬಿಚ್ಚದ ಹೊಸ ಬಲೆ.

ಗಿರಿಜಾಬಾಯಿಗೆ ಈಗ ಕೈ ಎತ್ತಲಾಗದು. ಹೆರಳು ನಾನೇ ಹಾಕುತ್ತೇನೆ. "ಗ್ವಾಡಿ ಸೀದಾ ಕಟ್ತೀರಿ, ಹೆರಳು ಯಾಕ ಸೊಟ್ಟ ಹಾಕ್ತೀರಿ?" ಎಂದು ನಗುತ್ತಾಳೆ, ನಕ್ಕಾಗ ಭುಜ ನೋಯುತ್ತದೆ. ಬಲೆಯನ್ನು ಮಡಿಸಿಟ್ಟವರು ತಾವಲ್ಲವೆಂದು ತಿಳಿದ ಮೇಲೆ ತಮ್ಮ ಮೇಲಿನ ದೂರನ್ನು ಸವಿನಯ ಹಿಂದಕ್ಕೆ ಪಡೆದಿದ್ದೇನೆ.

ಇಂತಿ, ಕಾಲು ನೆಲದ ಮೇಲಿರುವವರೆಗೂ
ತಮ್ಮ ವಿಶ್ವಾಸಿ,
ಅಮೃತಪ್ಪ

ವಿ.ಸೂ.: ಕಟ್ಟಡದ ಉದ್ಘಾಟನೆಗೆ ಬರುವ ದೊಡ್ಡವರ ಮೇಲೆ ಹತ್ತನೇ ಮಹಡಿಯಿಂದ ಗುಲಾಬಿ ಪಕಳೆ ಸುರಿಸುತ್ತಾರಂತೆ. ಪಕಳೆಯಿಂದ ಯಾರಿಗೂ ಪೆಟ್ಟಾಗದಿರಲೆಂದು ಬಾಗಿಲ ಮುಂದೆ ಈಗಿನಿಂದಲೇ ಉಕ್ಕಿನ ಚಪ್ಪರ ಹಾಕಿಸುತ್ತಿದ್ದಾರೆ.