ಮೈದುನನ ಹೊಸ ಆವೃತ್ತಿ

ಮಿಶ್ರಿಕೋಟಿಯಲ್ಲಿ ಕುಳಿತು ಜಗತ್ತಿಗೆಲ್ಲ ಎಚ್ಚರಿಕೆ ಕೊಡುವ ಮನುಷ್ಯ ಒಬ್ಬನೇ ಇದ್ದಾನೆ. ಅವನು ನನ್ನ ಮನೆಯಲ್ಲೇ ಇರಬೇಕೇ?

ಅವನು ನನ್ನ ಮೈದುನ. ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಡೇಟಾಬೇಸಿನಲ್ಲಿ ಮಾಹಿತಿ ಇಡಲು, ತೆಗೆಯಲು ಒಂದು ಲೈಬ್ರರಿ, ಅಂದರೆ ಮೊದಲೇ ಬರೆದಿಟ್ಟ ಕೋಡಿನ ಗಂಟು, ಬೇಕಂತೆ. ಅದನ್ನು ಇವನು ಬರೆದು, ಒಂದು ಪೈಸೆ ಮುಟ್ಟದೆ, ಫುಕಟ್ ಹಂಚುತ್ತಾನೆ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ; ಶಿವ ಅಷ್ಟಾದರೂ ಕಾಪಾಡಿದ್ದಾನೆ. ಆದರೆ ಹೊಸ ಆವೃತ್ತಿ ಬಿಡುವ ವಾರ ಅವನ ತಾಟಿಗೆ ಹೋಳಿಗೆ ಹಾಕಿದರೂ ಒಂದೇ, ದನದ ಹಿಂಡಿ ಹಾಕಿದರೂ ಒಂದೇ.

"ಅಂಥಾದ್ದೇನ್ ಮಾಡಾಕತ್ತೀಯೋ?" ಎಂದು ಒಮ್ಮೆ ಕೇಳಿದೆ.

"ಲೈಬ್ರರಿಯೊಳಗಿನ ಒಂದು ಕಮಾಂಡಿನ ಹೆಸರು ಬದಲು ಮಾಡಾಕತ್ತೀನ್ರಿ ವೈನಿ."

"ಒಂದು ಹೆಸರಿಗೆ ಇಷ್ಟು ದಿನಾನ? ಕೂಸಿನ್ನ ತೊಟ್ಲದಾಗ ಹಾಕಿದ ಕೂಡ್ಲೇ ನಾವು ಹೆಸರು ಕೂಗ್ತೀವಿ."

"ಹಳೇ ಹೆಸರಿಲೆ ಕರಿಯೂ ಮಂದಿ ಇರ್ತಾರಲ್ರಿ. ಈ ಸಲ ಎರಡೂ ನಡೀತಾವ. ಹಳೇದು ಕರದ್ರ ಒಂದು ಎಚ್ಚರಿಕಿ ಬರ್ತೈತಿ. ಮುಂದಿನ ದೊಡ್ಡ ಆವೃತ್ತಿಯೊಳಗ ತಗೀತೀನಿ."

ತೆಗೆದನೇ? ಕಾಣದ ದೇಶದವನೊಬ್ಬ "ನನ್ನ ಕೆಲಸವೆಲ್ಲ ಹಳೆಯದರ ಮೇಲೇ ನಿಂತಿದೆ" ಎಂದು ಬರೆದನಂತೆ. ಮುಂದೂಡಿದ.

ಇದು ಕಂಪ್ಯೂಟರಿನೊಳಗೇ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಹೊಸ ಮಿಕ್ಸರ್ ಬಂದಾಗ ಹಳೆಯದನ್ನು ಗುಜರಿಗೆ ಕೊಡಲು ಬಿಡಲಿಲ್ಲ. "ಮೊದ್ಲ ಸೂಚನಾ ಕೊಡಬೇಕಲ್ರಿ" ಎಂದ. ಯಾರಿಗೆ, ಮಿಕ್ಸರಿಗೇ?

ಈ ಬೇಸಿಗೆಯಲ್ಲಿ ಪಡಸಾಲೆ ರಿಪೇರಿ ಮಾಡಿಸಿ ದೇವರಿಗೆ ಹೊಸ ಜಗಲಿ ಕಟ್ಟಿಸಿದೆವು. ನಮ್ಮತ್ತೆಗೆ ಕಣ್ಣು ಮಂಜಾಗಿದೆ. ಅನ್ನವನ್ನಾದರೆ ನಮ್ಮಿಂದ ಕಲಸಿಸಿಕೊಳ್ಳುತ್ತಾರೆ, ಪೂಜೆಗೆ ಮಾತ್ರ ಯಾರೂ ಕೈ ಹಿಡಿಯಕೂಡದು. ಅದೂ ತಪ್ಪಿದರೆ ತಾನಿದ್ದು ಏನು ಎನ್ನುತ್ತಾರೆ. ಅವರ ವಿಭೂತಿ ಇರುತ್ತಿದ್ದ ಹಳೆಯ ಗೋಡೆಯ ಮಾಡವನ್ನು, ಅಂದರೆ ಗೂಡನ್ನು, ಮುಚ್ಚಿಸಬೇಕೆಂದು ನಾನು ಗೌಂಡಿಯನ್ನು ಕರೆಸಿದರೆ, ಮೈದುನ ಅಡ್ಡ ನಿಂತ.

"ಮಾಡ ಇರ್ಲಿ ವೈನಿ. ಎರಡೂ ಕಡೆ ವಿಭೂತಿ ಇಡೂಣು."

"ದೇವರ ಹತ್ತರ ಸುದ್ದಾ ನಿನ್ನ ಲೈಬ್ರರಿ ತರಬ್ಯಾಡೋ ಯಪ್ಪಾ. ಸಿಮೆಂಟ್ ಕಲಸಿ ನಿಂತಾನ ಅಂವಾ."

"ಅವಗ ಚಾ ಕೊಡ್ರಿ."

ಗೌಂಡಿ ಚಹಾ ಕುಡಿದ, ಸಿಮೆಂಟು ಗಟ್ಟಿಯಾಗುವುದನ್ನು ನೋಡಿದ, ನನ್ನ ಮುಖ ನೋಡಿದ, ಹೋದ. ನಾನೇನು ಬಿಡುವವಳೇ? ಮರುದಿನ ಬೆಳಿಗ್ಗೆಯೇ ಮತ್ತೆ ಬರಹೇಳಿದೆ.

ಅವನು ಬಂದು ಬಾಗಿಲಲ್ಲಿ ನಿಂತಾಗ ಅತ್ತೆ ಸ್ನಾನ ಮುಗಿಸಿ ಬಂದರು. ಹೊಸ ಜಗಲಿಯ ದಾರಿಯನ್ನು ನಾನು ಹೇಳಿಕೊಟ್ಟಿದ್ದೆ. ಕಾಲು ಮಾತ್ರ ಹಳೆಯ ಗೋಡೆಗೇ ಹೋಯಿತು. ಕೈ ಮಾಡದೊಳಗೆ ತಡಕಾಡಿತು. ವಿಭೂತಿ ಸಿಕ್ಕಿತು. ಮೈದುನ ಲ್ಯಾಪ್‌ಟಾಪಿನಿಂದ ತಲೆ ಎತ್ತದೆಯೇ ಹೇಳಿದ, "ಯವ್ವಾ, ಬಲಕ್ಕ ಜಗಲಿ ಮ್ಯಾಲೂ ಐತಿ. ನಾಳೆ ಆ ಕಡೆ ಹೋಗಿ ನೋಡು."

"ನೋಡೂಣು ಬಿಡೋ" ಎಂದರು ಅತ್ತೆ. ಯಾರ ಕೈಯನ್ನೂ ಹಿಡಿಯದೆ ಹಣೆಗೆ ಮೂರು ಬೆರಳು ಎಳೆದುಕೊಂಡರು. ಅಂಗೈಯ ಅಂಚಿಗೆ ಗೀರು ಬಿದ್ದು ಕೆಂಪಗಾಗಿತ್ತು. ಅವರಿಗೆ ಅದು ಕಾಣುವುದಿಲ್ಲ.

"ಮುಚ್ಚಲೇನ್ರೀ ಅಕ್ಕಾರ?" ಎಂದ ಗೌಂಡಿ.

"ಬ್ಯಾಡ," ಎಂದೆ. "ಮಾಡದ ಅಂಚು ಭಾಳ ಒರಟ ಆಗೈತಿ. ಕೈಗೆ ಹತ್ತದಂಗ ನುಣ್ಣಗ ಮಾಡಿ ಹೋಗಪಾ."