ರೋಶನನ ಹಳದಿ ಬಾಟಲಿ

ನಳ್ಳಿಯಲ್ಲಿ ನೀರು ಬಾರದ ದಿನವೇ ರೋಶನನ ಮೂತ್ರ ಅರಸಿನ ಕದಡಿದ ಹಾಗೆ ಹಳದಿಯಾದದ್ದು ಅವನ ದುರದೃಷ್ಟ. ಪರ್ಕಳದ ಆ ಬಾಡಿಗೆ ವಠಾರಕ್ಕೆಲ್ಲ ಶೌಚಾಲಯ ಒಂದೇ. ಅವನ ಹಿಂದೆಯೇ ಒಳಹೊಕ್ಕ ಪಕ್ಕದ ಕೋಣೆಯ ಉಮಾನಾಥ, ಹೊಕ್ಕಷ್ಟೇ ವೇಗದಲ್ಲಿ ಹೊರಬಂದು ಮನೆಯೊಡತಿ ಗುಣವತಿಯಕ್ಕನಿಗೆ ಸುದ್ದಿ ಮುಟ್ಟಿಸಿದ.

“ನಿನಗೆ ಕಾಮಾಲೆ ಉಂಟು ಮಾರಾಯ,” ಎಂದು ಅಕ್ಕ ತೀರ್ಪು ಕೊಟ್ಟರು.

ಲ್ಯಾಬ್ ಟೆಕ್ನಾಲಜಿ ಓದುತ್ತಿದ್ದ ರೋಶನನಿಗೆ ಅಂದು ಹನ್ನೊಂದಕ್ಕೆ ಬಯೋಕೆಮಿಸ್ಟ್ರಿಯ ಮೌಖಿಕ ಪರೀಕ್ಷೆ. ಆಗಲೇ ಎರಡು ಸಲ ಫೇಲಾಗಿದ್ದ. ಈ ಸಲವೂ ಹೋದರೆ ಒಂದು ವರ್ಷವೇ ಹೋದಂತೆ. ಕಾಪುವಿನಲ್ಲಿ ಮೀನು ಮಾರುವ ಅಮ್ಮನಂತೂ ಬುಟ್ಟಿ ಇಳಿಸಿದಲ್ಲೆಲ್ಲ, ಮಗ ಪಾಸಾಗಿಯೇ ಬಿಟ್ಟ ಎಂಬಂತೆ ಹೇಳಿಕೊಂಡು ಬಂದಿದ್ದಳು. ಓದಿ ಬಳಲಿದ ತಲೆಗೆ ಬಲ ಬರಲೆಂದು ಅವನು ಮೊನ್ನೆಯಿಂದ ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗುತ್ತಿದ್ದ. ಅದರಲ್ಲಿರುವ ರೈಬೋಫ್ಲೇವಿನ್ನಿನ ಬಣ್ಣವೇ ಹಳದಿ, ಅದು ನೀರಿನಲ್ಲಿ ಕರಗುತ್ತದೆ, ದೇಹ ಬೇಕಾದಷ್ಟನ್ನು ಎಫ್‌ಎಡಿ ಎಂಬ ಸಹಕಿಣ್ವ ಮಾಡಿಕೊಂಡು ಉಳಿದದ್ದನ್ನು ಹೊರಗೆ ಕಳಿಸುತ್ತದೆ ಎಂದು ಒಂದೇ ಉಸಿರಿಗೆ ವಿವರಿಸಿದ.

“ಇಷ್ಟೆಲ್ಲ ಗೊತ್ತಿದ್ದವ ಎರಡು ಸಲ ಫೇಲಾದದ್ದು ಎಂತಕ್ಕೆ?”

ಎಂದು ಕೇಳಿದ ಅಕ್ಕ ಫೋನು ಕೈಗೆತ್ತಿಕೊಂಡರು.

ಕಾಪುವಿಗೆ ಫೋನ್ ಹೋಯಿತು. ಅಮ್ಮ ಅತ್ತು, ಅಕ್ಕ ಹೇಳಿದಂತೆ ಕೇಳು ಎಂದಳು. ಕಾಮಾಲೆಗೆ ಮದ್ದೆಂದು ಅಕ್ಕ ನೆಲನೆಲ್ಲಿ ಅರೆದು ಕೊಟ್ಟ ರಸ ಗಂಟಲಿಗಿಳಿಯಿತು. ಇಳಿದದ್ದಕ್ಕಿಂತ ಹೆಚ್ಚು ಮೇಲೆ ಬಂತು. ಆಮೇಲೆ ಉಮಾನಾಥ ಅವನ ಮೂತ್ರವನ್ನು ಬಾಟಲಿಯಲ್ಲಿ ಹಿಡಿಸಿ, ಪೇಟೆಯ ಲ್ಯಾಬಿಗೆ ಎಳೆದೊಯ್ದು ಸಾಲಿನಲ್ಲಿ ನಿಲ್ಲಿಸಿದ. ಹತ್ತೂಮುಕ್ಕಾಲಾದರೂ ಸಾಲು ಕದಲಲಿಲ್ಲ. ರೋಶನ್ ಬಾಟಲಿಯನ್ನು ಚೀಲಕ್ಕೆ ತುರುಕಿ ಮಣಿಪಾಲದ ಬಸ್ಸಿಗೆ ಓಡಿದ.

ಎಲ್ಲರಿಗಿಂತ ತಡವಾಗಿ, ಪರೀಕ್ಷೆ ಶುರುವಾಗುವ ಹೊತ್ತಿಗೆ ಬಂದದ್ದಕ್ಕೆ ಅವನಿಗೆ ಕೊನೆಯ ಸರದಿ ಸಿಕ್ಕಿತು. ಹಾಜರಿ ಪಟ್ಟಿಗೆ ಸಹಿ ಹಾಕಲು ಪೆನ್ನು ಹುಡುಕುವಾಗ ಚೀಲದಿಂದ ಬಾಟಲಿ ಜಾರಿ, ಮೇಜಿನ ಮೇಲೆ ಉರುಳುತ್ತ ಹೋಗಿ ಪರೀಕ್ಷಕಿ ಡಾಕ್ಟರ್ ಲವಿಟಾ ಅವರ ಕೈ ತಾಗಿ ನಿಂತಿತು. ಇದೇನೆಂದು ಅವರು ಕೇಳಿದರು. ಅವನು ನಾಚಿಕೆ ಬಿಟ್ಟು ಎಲ್ಲವನ್ನೂ ಹೇಳಿದ. ಮೇಡಂ ನಕ್ಕರು. ಕೋಣೆಯ ಲೈಟು ಆರಿಸಿ ಬಾಟಲಿಯನ್ನು ನೇರಳಾತೀತ ದೀಪದಡಿ ಇಟ್ಟರು. ಅದು ಕಾಪುವಿನ ದೀಪಸ್ತಂಭದ ತಮ್ಮನಂತೆ ಹಸಿರುಹಳದಿಯಾಗಿ ಬೆಳಗಿತು. ರೈಬೋಫ್ಲೇವಿನ್ನಿನ ಗುರುತೇ ಈ ಹೊಳಪು ಎಂದು ಮೇಡಂ ಹೇಳಿದಾಗ ರೋಶನನಿಗೆ ಅರ್ಧ ಪಾಸಾದಷ್ಟು ಸಮಾಧಾನವಾಯಿತು.

ಆಮೇಲೆ ಪರೀಕ್ಷೆಗೆ ಒಳಬಂದವರಿಗೆಲ್ಲ ಒಂದೇ ಪ್ರಶ್ನೆ: ಈ ಬಾಟಲಿಯಲ್ಲಿ ಹೊಳೆಯುತ್ತಿರುವುದು ಏನು? ಮೊದಲು ಮುಗಿಸಿದ ಸಹಪಾಠಿ ಸಮೀಕ್ಷಾ, ಉತ್ತರವನ್ನು ವರಾಂಡದಲ್ಲಿ ಹಂಚಿದಳು. ಒಂಬತ್ತು ಮಂದಿಯೂ ಗಿಳಿಪಾಠ ಒಪ್ಪಿಸಿ ನಗುತ್ತ ಹೋದರು.

ರೋಶನನ ಸರದಿ ಬಂತು. ಅವನು ಬಾಯಿ ತೆರೆಯುವ ಮೊದಲೇ ಮೇಡಂ ಬಾಟಲಿಯನ್ನು ಬದಿಗೆ ಸರಿಸಿದರು.

“ಇದು ನಿಮ್ಮದೇ ಅಲ್ವಾ? ನಿಮಗೂ ಇದನ್ನೇ ಕೇಳಿದರೆ ಉಳಿದವರಿಗೆ ಅನ್ಯಾಯ. ಬಯೋಟಿನ್ ಯಾವ ಕಿಣ್ವಗಳಿಗೆ ಬೇಕು, ಹೇಳಿ.”

ಬಯೋಟಿನ್ ಪುಟವೊಂದನ್ನೇ ಅವನು ಇವತ್ತು ಬೆಳಿಗ್ಗೆ ಓದೋಣವೆಂದು ಉಳಿಸಿಕೊಂಡಿದ್ದ. ಬಾಯಿಗೆ ಬಂದ ಎರಡು ಕಿಣ್ವಗಳ ಹೆಸರು ಹೇಳಿದ; ಎರಡೂ ತಪ್ಪು. ಮೇಡಂ ಫೇಲೆಂದು ಬರೆದು ಅಂಕಪಟ್ಟಿ ಮಡಚಿದರು.

ಬಾಗಿಲು ದಾಟುವಾಗ ಅವರೇ ಹಿಂದಿನಿಂದ ಕರೆದರು. ಅವನು ಆಸೆಯಿಂದ ತಿರುಗಿದ.

“ಬೇಸರ ಮಾಡಬೇಡಿ. ಮುಂದಿನ ವರ್ಷ ಪರೀಕ್ಷೆಗೆ ಬರುವಾಗಲೂ ಇಂಥದ್ದೇ ಒಂದು ಬಾಟಲಿ ತನ್ನಿ, ಉಳಿದವರಿಗೆ ಕೇಳಲು ಒಳ್ಳೆಯ ಪ್ರಶ್ನೆ.”