ಬುವಾ ಬಿಟ್ಟು ಹೋದ ಚೀಜ

ಸ್ವಲ್ಪ ಈ ಕಡೆ ಸರಿದು ಕೂಡ್ರಿ, ಗ್ಯಾಲರಿಯ ಆ ತುದಿಗೆ ಕೇಳಿಸೀತು. ಯಾರ ಮುಂದೂ ಬಾಯಿ ಬಿಡುವುದಿಲ್ಲ ಅಂತ ಮೊದಲು ನಿಮ್ಮ ಕುಲದೇವರ ಆಣೆ ಮಾಡಿರಿ. ಚಾಳಿಗೆಲ್ಲ ಹೇಳುವಾಗಲೂ ಒಬ್ಬೊಬ್ಬರಿಂದ ಬೇರೆ ಬೇರೆ ಆಣೆ ಮಾಡಿಸಿಕೊಂಡೇ ಹೇಳಿದ್ದೇನೆ.

ಮುಂಬಯಿಯ ದಾದರಿನ ನಮ್ಮ ಚಾಳಿನಲ್ಲಿ ನನ್ನ ಪಕ್ಕದ ಖೋಲಿ ಒಬ್ಬ ದೊಡ್ಡ ಗವಾಯಿಯದು. ನಮ್ಮ ಧಾರವಾಡದ ಕಡೆಯವರೇ. ಎಲ್ಲರೂ ಬುವಾ ಅನ್ನುತ್ತಿದ್ದರು. ನಡುವೆ ಒಂದು ಹಲಗೆಯ ಗೋಡೆ ಅಷ್ಟೇ. ಹೀಗಾಗಿ ಅವರ ಶ್ರೀಮಂತಿಕೆ ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ನನ್ನ ಫಜೀತಿ ಮೇಲಿಂದ ಮೇಲೆ ಆಗುತ್ತಿದ್ದುದೂ ಅದಕ್ಕೇ.

ಎಳೆದಷ್ಟೂ ರೊಕ್ಕ

ಬುವಾನ ಹೆಂಡತಿಗೆ ನಾನು ವೈನಿ ಅನ್ನುತ್ತಿದ್ದೆ, ಆಕೆ ನನಗೆ ಕಾಕು ಅನ್ನುತ್ತಿದ್ದರು. ಆಕೆಯ ಆಸೆ ಒಂದೇ: ಊರ ಹೊರಗಿನ ಮುಲುಂಡಿನಲ್ಲಿ, ಒಳಗೇ ನೀರಿನ ನಳ ಇರುವ ಒಂದು ಖೋಲಿ. ಚಾಳಿನ ನಳಕ್ಕೆ ಪಾಳಿ ಹಚ್ಚಿ ಹಚ್ಚಿ ಆಕೆಯ ನಡ ಬಿದ್ದುಹೋಗಿತ್ತು.

ಒಂದು ದಿನ ಕೆಳಗಿನ ಉಡುಪಿ ಹೋಟೆಲಿನ ರೇಡಿಯೋದಲ್ಲಿ ಬುವಾ ಹಾಡಿದರು. ಅರಿವೆ ಅಂಗಡಿಯವ ಗಜದ ಲೆಕ್ಕದಲ್ಲಿ ಮಾರುವುದಿಲ್ಲವೆ, ಹಾಗೆ ‘ಆ’ ಅಂತ ಎಳೆದಷ್ಟೂ ರೊಕ್ಕ ಅಂತ ನಾನು ತಿಳಿದಿದ್ದೆ. ಎಲ್ಲರಿಗೂ ಹಾಗೇ ತಿಳಿಸಿಯೂ ಇದ್ದೆ. ಬುವಾ ದಮ್ಮು ಹಿಡಿದು ಎಳೆದಾಗಲೆಲ್ಲ ಹೆಂಗಸರು ಗಲ್ಲಕ್ಕೆ ಕೈ ಹಚ್ಚುತ್ತಿದ್ದರು.

ಓಡಿ ಮೇಲೆ ಬಂದು ಹೇಳಿದೆ, “ವೈನಿ, ಇವತ್ತು ಭಾಳ ಎಳದ್ರು. ಮುಲುಂಡ ಆದಂಗ ಅನ್ರಿ.”

ವೈನಿ ಭಾಕರಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ರೇಡಿಯೋದವರು ಎಳದದ್ದಕ್ಕ ಕೊಡೂದಿಲ್ಲ, ಕಾಕು. ಹೊತ್ತಿಗೆ ಸರಿಯಾಗಿ ನಿಲ್ಲಿಸಿದ್ದಕ್ಕ ಕೊಡತಾರ.”

ಬಚ್ಚಲ ಹಂಡೆ

ಮುಂದೆ ಕಲಕತ್ತೆಯ ಕಡೆ ಹಾಡಿ ಬುವಾ ನಿಜವಾಗಿ ರೊಕ್ಕ ತಂದರು. ನಾನೂ ವೈನಿಯೂ ಲೋಕಲ್ ಹತ್ತಿ ಮುಲುಂಡಿಗೆ ಹೋಗಿ ಖೋಲಿ ನೋಡಿಬಂದೆವು. ವೈನಿ ಅಲ್ಲಿಯ ನಳ ತಿರುವಿ, ನೀರು ಬಂತು ಅಂತ ಕಣ್ಣಿಗೆ ಹಚ್ಚಿಕೊಂಡರು.

ಕೆಲವು ದಿನ ಬಿಟ್ಟು ಚಾಳಿನ ಮುಂದೆ ಟಾಂಗಾ ನಿಂತಿತು. ಕೌದಿಯಲ್ಲಿ ಸುತ್ತಿದ, ಬುಡ ದುಂಡಗಿದ್ದ ಎರಡು ದೊಡ್ಡ ಸಾಮಾನು ಇಳಿದವು. ಹೊಸ ಮನೆಯ ಬಚ್ಚಲಿಗೆ ತಾಮ್ರದ ಹಂಡೆ ಬಂದವು ಅಂತ ನಾನು ಮೂರೂ ಮಜಲಿಗೆ ಸಾರಿದೆ. ಅಷ್ಟೇ ಅಲ್ಲ, ಕೌದಿ ಬಿಚ್ಚುವ ಮೊದಲೇ ಅರಿಷಿಣ ಕುಂಕುಮವನ್ನೂ ಹಚ್ಚಿದೆ.

ಬಿಚ್ಚಿದರೆ ಮಿರಜಿನ ಜೋಡಿ ತಂಬೂರಿ. ಮುಲುಂಡಿನ ಖೋಲಿ ಆ ಎರಡು ಕುಂಬಳಕಾಯಿ ಬುರುಡೆಯೊಳಗೆ ಹೋಗಿ ಕೂತಿತ್ತು.

“ಇಷ್ಟ ದೊಡ್ಡವು ಎಲ್ಲಿ ಇಡತೀರಿ, ವೈನಿ?”

“ಅವು ಒಳಗ ಮಲಗತಾವ, ಕಾಕು. ನಾವು ಗ್ಯಾಲರ್ಯಾಗ.”

ಗಂಡಾ

ಬಾಂದ್ರಾದಿಂದ ಒಬ್ಬ ಶ್ರೀಮಂತರ ಹುಡುಗಿ ಬುವಾನ ಹತ್ತಿರ ಹಾಡು ಕಲಿಯಲು ಬರುತ್ತಿದ್ದಳು. ಎದುರಿನ ಖೋಲಿಯ ಮರಾಠಿ ಬಾಯಿ ಒಂದು ದಿನ, “ನಾಳೆ ಬುವಾ ಅಕಿಗೆ ಗಂಡಾ ಬಾಂಧಣಾರ” ಅಂದಳು. ನನ್ನ ಮರಾಠಿ ನಳದ ಪಾಳಿಯಲ್ಲಿ ಕಲಿತದ್ದು. ಬಾಂಧಣಾರ ಅಂದರೆ ಕಟ್ಟುತ್ತಾರೆ, ಅಷ್ಟು ಗೊತ್ತಿತ್ತು. ಗಂಡ ಅಂದರೆ ಯಾರು ಅಂತ ನನಗೆ ಕಲಿಸಬೇಕೆ?

ಬುವಾ ತಾವೇ ಅವಳ ಗಂಡ ಆಗುತ್ತಾರೆ ಅಂತ ಚಾಳಿಗೆಲ್ಲ ಸುದ್ದಿ ಮುಟ್ಟಿಸಿ, ಕಡೆಗೆ ವೈನಿಯ ಬಳಿ ಹೋದೆ. “ಎದಿ ಗಟ್ಟಿ ಮಾಡಿಕೊಳ್ರಿ. ನಾಳೆ ನಿಮಗ ಸವತಿ ಬರತಾಳ.”

ವೈನಿ ಅಕ್ಕಿ ಆರಿಸುತ್ತಿದ್ದರು. “ಗಂಡ ಅಲ್ಲ ಕಾಕು, ಗಂಡಾ. ಗುರು ಶಿಷ್ಯರ ಕೈಗೆ ಕಟ್ಟೋ ದಾರ.” ಒಂದು ಕಲ್ಲು ಆರಿಸಿ ಆಚೆ ಒಗೆದರು. “ಅದು ಕೈಯಾಗರ ಇರತದ. ನನ್ನ ಗಂಡ ಯಾವತ್ತರ ಕೈಯಾಗ ಇದ್ದಾರೇನು?”

ಚೀಜ

ಆ ಹುಡುಗಿಯ ತಂದೆ ಕೊಟ್ಟ ದಕ್ಷಿಣೆಯನ್ನು ಬುವಾ ಚಾಳಿಗೆಲ್ಲ ಜಿಲೇಬಿ ಹಂಚಿ ಮುಗಿಸಿದರು. ಬುಟ್ಟಿಯ ಹತ್ತಿರ ಮೊದಲು ಕೂತವಳು ನಾನೇ, ಸುಳ್ಳು ಯಾಕೆ ಹೇಳಲಿ. ಬುವಾ ಹಾಸಿಗೆ ಹಿಡಿದಾಗ ಮುಲುಂಡು ಇದ್ದಲ್ಲೇ ಇತ್ತು.

ಕೊನೆಗಾಲಕ್ಕೆ ಅವರು ಆ ಹುಡುಗಿಗೆ ಹೇಳಿದ್ದು ಗೋಡೆಗೆ ಕಿವಿ ಹಚ್ಚಿದ ನನಗೆ ಸ್ಪಷ್ಟ ಕೇಳಿತು: “ನಮ್ಮ ಮನಿತನದ ಚೀಜ ಎಲ್ಲಾ ನಿನಗ ಕೊಟ್ಟೇನಿ. ಜೋಪಾನ. ಸಿಕ್ಕ ಸಿಕ್ಕವರಿಗೆ ಕೊಡಬ್ಯಾಡ.”

ಚೀಜವಸ್ತು ಅಂದರೆ ನಮ್ಮಲ್ಲಿ ನಗನಾಣ್ಯ. ಕಟ್ಟಿಕೊಂಡ ಹೆಂಡತಿಗೆ ನಳ ಇಲ್ಲ, ಬಾಂದ್ರಾದವಳಿಗೆ ಬಂಗಾರ! ಬುವಾ ತೀರಿಕೊಂಡು ವೈಕುಂಠ ಸಮಾರಾಧನೆ ಆದ ಮೇಲೆ ಹುಡುಗಿ ತಂದೆಯ ಜೊತೆ ಬಂದಳು. ನಾನು ಹೆಂಗಸರನ್ನು ಕೂಡಿಸಿಕೊಂಡು ಬಾಗಿಲಿಗೇ ಅಡ್ಡ ನಿಂತೆ.

“ಬುವಾ ಕೊಟ್ಟ ಚೀಜ ವೈನಿ ಮುಂದ ಇಟ್ಟು ಆಮ್ಯಾಲ ಮಾತಾಡು.”

ಹುಡುಗಿ ನನ್ನನ್ನೇ ನೋಡಿದಳು. “ಇಡತೇನಿ, ಕಾಕು. ಒಂದೊಂದ ಇಡಲೇನು?”

“ಎಲ್ಲಾ ಇಡು. ನಾ ನೋಡಕೋತೇನಿ.”

ಅವಳು ವೈನಿಯ ಮುಂದೆ ಕೂತು ಕಣ್ಣು ಮುಚ್ಚಿ ಹಾಡಿದಳು. ಮುಗಿದ ಕೂಡಲೇ, “ಛಂದ ಹಾಡಿದಿ. ಈಗ ಬಂಗಾರದ ಪಾಟಲಿ ತಗಿ” ಅಂದೆ. ಇನ್ನೊಂದು ಹಾಡಿದಳು. “ಬಿಲವರ?” ಅಂದೆ. ಮತ್ತೊಂದು ಶುರು ಮಾಡಿದಳು. ಆಗ ಮರಾಠಿ ಬಾಯಿ ನನ್ನ ರಟ್ಟೆ ಚಿವುಟಿ ಪಿಸುಗುಟ್ಟಿದಳು, “ಗವಾಯಿ ಮಂದಿ ಹಾಡಿಗೇ ಚೀಜ ಅಂತಾರ, ಬಾಯಿ.”

ಹುಡುಗಿಯ ತಂದೆ ಕೆಂಪಾಗಿದ್ದರು. ಗುರುದಕ್ಷಿಣೆ ಅಂತ ಮುಲುಂಡಿನ ತಮ್ಮದೊಂದು ಖೋಲಿಯ ಕೀಲಿಕೈ ವೈನಿಗೆ ಕೊಡಲು ಬಂದವರು ಅವರು. “ನನ್ನ ಮಗಳನ್ನ ಕಳ್ಳಿ ಮಾಡಿದ್ರಿ” ಅಂತ ಅದನ್ನು ಕೋಟಿನ ಕಿಸೆಗೆ ಹಾಕಿಕೊಂಡು ಎದ್ದೇಬಿಟ್ಟರು. ವೈನಿಯ ಕಣ್ಣು ಆ ಕಿಸೆಯ ಮೇಲೇ ಇತ್ತು.

ಹುಡುಗಿ ತಂದೆಯ ಕಿಸೆಗೆ ಕೈ ಹಾಕಿ ಕೀಲಿಕೈ ತೆಗೆದು ವೈನಿಯ ಉಡಿಯಲ್ಲಿಟ್ಟಳು. “ನೀವು ಅಲ್ಲಿರ್ರಿ. ನಾ ಅಲ್ಲೇ ಬಂದು ಹಾಡತೇನಿ. ನಳ ಒಳಗೇ ಅದ.”

ಇಷ್ಟಾದ ಮೇಲಾದರೂ ನಾನು ಬಾಯಿ ಮುಚ್ಚಬೇಕಿತ್ತು. ಮುಚ್ಚಿದರೆ ನಾನು ನಾನಲ್ಲ. “ಅಲ್ಲ ವೈನಿ, ಅಕಿಗೆ ಹಾಡರ ಬಿಟ್ಟು ಹೋದ್ರು. ಇಷ್ಟ ವರ್ಷ ಬಾಳೇವು ಮಾಡಿದ ನಿಮಗ ಏನು ಬಿಟ್ಟು ಹೋದ್ರು?”

ವೈನಿ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಎಲ್ಲರ ಎದುರಿಗೆ ನನ್ನ ಮುಖ ನೋಡಿ ಅಂದರು:

“ನಿಮ್ಮನ್ನ ಬಿಟ್ಟು ಹೋದ್ರು, ಕಾಕು. ಅಕಿ ಆಸ್ತಿ ಅಕಿ ಒಯ್ಯಲಿ. ನನ್ನದು ನಾ ಇಲ್ಲೇ ಬಿಟ್ಟು ಹೊಂಟೇನಿ.”